ಮನೆಮಗಳಿಗೆ ಮೊದಲ ಪತ್ರಿಕೆ

ಗೌರಿಬಿದನೂರು

ಮಗಳೇ ಕಲ್ಯಾಣಿ,

ಯಾವ ನೆಂಟರ ಮನೆಯಿಂದ ಯಾವ ಮನೆಗೆ ಹೋದರೆ ಖರ್ಚು ಕಡಿಮೆ ಎಂದು ನಿನ್ನ ಪೈಥಾನ್ ಪ್ರೋಗ್ರಾಂ ಹೇಳಿತೋ, ಅದೇ ದಾರಿಯಲ್ಲಿ ನಿನ್ನ ಮದುವೆ ಪತ್ರಿಕೆ ಹಂಚಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮುಗಿಸಿ ಕೊನೆಗೆ ಚಿಂತಾಮಣಿ. ಪೆಟ್ರೋಲೇನೋ ಉಳಿಯಿತು; ಅಲ್ಲಿ ನಿನ್ನ ಸೋದರತ್ತೆ ಅನಸೂಯ ಪತ್ರಿಕೆ ಮುಟ್ಟಲೇ ಇಲ್ಲ.

“ಊರೋರ್ನೆಲ್ಲ ಕರ್ದು ಮಿಕ್ಕಿದ್ದು ನಂಗೇನಣ್ಣ? ಹಂಗಾದ್ರೆ ಎಲ್ರೂ ಉಂಡು ಹೋದ್ಮೇಲೆ ಬರ್ತೀನಿ ಬಿಡು,” ಎಂದಳು.

“ಕಂಪ್ಯೂಟರ್ ಹಾಕಿದ್ ದಾರಿ ಕಣಮ್ಮ,” ಎಂದೆ.

“ಅದಕ್ಕೂ ಒಬ್ಳು ಸೋದರತ್ತೆ ಇದ್ದಿದ್ರೆ ಗೊತ್ತಾಗಿರೋದು!”

ಮನೆಮಗಳಿಗೆ ಮೊದಲ ಪತ್ರಿಕೆ ಎಂಬುದು ಕಂಪ್ಯೂಟರಿಗೆ ತಿಳಿಯದು, ಸರಿ. ನನಗೂ ನಿನಗೂ ತಿಳಿಯಬೇಡವೇ ತಾಯಿ? ಅವಳು ಬಂದು ನಿಲ್ಲದೆ, ನಿನ್ನಪ್ಪನ ಜಾಗದಲ್ಲಿ ನಿಂತು ನಿನ್ನನ್ನು ಧಾರೆಯೆರೆಯಲು ನನ್ನ ಕೈ ಏಳದು. ಭಾನುವಾರ ಬಾ, ನೇರ ಚಿಂತಾಮಣಿಗೇ ಹೋಗೋಣ. ಬೈದರೆ ಬೈಸಿಕೋ, ಬಡಿಸಿದರೆ ಒಂದು ತುತ್ತು ಹೆಚ್ಚೇ ಉಣ್ಣು.

ನಿನ್ನ ದೊಡ್ಡಪ್ಪ,
ವೆಂಕಟರವಣಪ್ಪ