ವೃತ್ತ ಬೇಕೆಂದು ಕೂಗಿದವನ ತಕರಾರು

ಮಾನ್ಯ ಮುಖ್ಯ ಎಂಜಿನಿಯರರೇ,

ನಮ್ಮ ಬಡಾವಣೆಯ ನಾಲ್ಕು ರಸ್ತೆ ಕೂಡುವಲ್ಲಿ ಡ್ರಮ್ಮುಗಳನ್ನಿಟ್ಟು ನೀವು ಮಾಡಿರುವ ತಾತ್ಕಾಲಿಕ ವೃತ್ತವನ್ನು ಈಗಿರುವ ರೂಪದಲ್ಲೇ ಕಾಂಕ್ರೀಟು ಹಾಕಿ ಶಾಶ್ವತಗೊಳಿಸಬೇಡಿ. ಈ ಮಾತನ್ನು ಬೇರೆ ಯಾರು ಬರೆದಿದ್ದರೂ ನೀವು ಓದಿ ಪಕ್ಕಕ್ಕಿಡುತ್ತಿದ್ದಿರಿ. ಆದರೆ ಬರೆಯುತ್ತಿರುವವನು ಆ ಮೂಲೆಯ ಡ್ರೈಕ್ಲೀನಿಂಗ್ ಅಂಗಡಿಯವನು. ನಿಮ್ಮ ಕಚೇರಿಯ ಬೆಂಚು ಸವೆಸಿ, ನಿಮ್ಮ ಸಹಾಯಕರ ತಲೆ ತಿಂದು, ಇದೇ ವೃತ್ತವನ್ನು ಮಂಜೂರು ಮಾಡಿಸಿಕೊಂಡವನು. ನನ್ನನ್ನು ಹುಚ್ಚನೆಂದು ಕರೆಯುವ ಮುನ್ನ ದಯವಿಟ್ಟು ಪೂರ್ತಿ ಓದಿ. ಬಡಾವಣೆಯವರು ಆಗಲೇ ಕರೆಯತೊಡಗಿದ್ದಾರೆ, ನಿಮಗೆ ಅವಸರ ಬೇಡ.

ವೃತ್ತ ಏಕೆ ಬೇಕಾಗಿತ್ತು ಎಂಬುದನ್ನು ನಾನು ಮರೆತಿಲ್ಲ. ಮೊದಲು ಅಲ್ಲಿ ಸಿಗ್ನಲ್ ದೀಪವಿತ್ತು. ಹಳದಿ ಬಣ್ಣ ಕಂಡರೆ ಸಾಕು, ನಮ್ಮ ವಾಹನ ಸವಾರರಿಗೆ ಎಲ್ಲಿಲ್ಲದ ಹುರುಪು. ಹಾಗೆ ಹುರುಪಿನಲ್ಲಿ ಬಂದ ವ್ಯಾನೊಂದು ನನ್ನ ಅಂಗಡಿಯ ಎದುರೇ ಶಾಲೆಯ ಟೀಚರೊಬ್ಬರ ಸ್ಕೂಟರಿಗೆ ಗುದ್ದಿತು. ಗಿರಾಕಿಯೊಬ್ಬರ ಒಗೆದ ಹೊದಿಕೆಯನ್ನೇ ತಂದು ಅವರಿಗೆ ಹೊದಿಸಿದೆ. "ಮಕ್ಳು ಕಾಯ್ತಿರ್ತಾವೆ" ಎನ್ನುತ್ತಲೇ ಅವರು ಕಣ್ಣು ಮುಚ್ಚಿದರು. ಆಗ ನಿಮ್ಮ ಇಲಾಖೆ ಏನು ಹೇಳಿತು, ನೆನಪಿದೆಯೇ? ಒಂದು ಅಪಘಾತವನ್ನು ಆಧಾರವಾಗಿಟ್ಟುಕೊಂಡು ರಸ್ತೆಯ ವಿನ್ಯಾಸ ಬದಲಿಸಲಾಗದು ಎಂದಿತು. ನಾನು ಜಗಳಕ್ಕೆ ನಿಂತೆ. ಗೆದ್ದೆ. ವೃತ್ತ ಬಂದ ಮೇಲೆ ಅಲ್ಲಿ ಬಂಪರು ತರಚಿದ್ದುಂಟು, ಬೈಗುಳದ ವಿನಿಮಯವಾದದ್ದುಂಟು. ಯಾರ ರಕ್ತವೂ ಬಿದ್ದಿಲ್ಲ. ಜನ ನನ್ನನ್ನು 'ಸರ್ಕಲ್ ಅಣ್ಣ' ಎಂದು ಕರೆದರು. ನಾನೂ ಶರ್ಟಿನ ಕಾಲರು ಸರಿಮಾಡಿಕೊಂಡು ಓಡಾಡಿದೆ.

ಈಗ ನನ್ನ ಅಕ್ಕನ ವಿಷಯ. ಅವಳಿಗೆ ಮೂವತ್ತು ದಾಟುವಷ್ಟರಲ್ಲಿ ಕಣ್ಣು ಪೂರ್ತಿ ಹೋಯಿತು. ಅಂಗಡಿಯ ಮಹಡಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಫೋನು ಎತ್ತುವ ಕೆಲಸ ಅವಳದು. ಯಾವ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಯಾವ ವಾರ್ಡಿನಲ್ಲಿ ಯಾರಿದ್ದಾರೆ ಎಂದು ವಿಚಾರಿಸುವವರಿಗೆಲ್ಲ ಉತ್ತರಿಸುವ ದನಿ ಅವಳದೇ. ದಿನವೂ ಬಿಳಿಕೋಲು ಹಿಡಿದು ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಯಾರಾದರೂ ಕೇಳದೆ ರಟ್ಟೆ ಹಿಡಿದರೆ, "ನಾನು ಕಳೆದುಹೋದ ಸಾಮಾನಲ್ಲ ಕಣಪ್ಪ, ಬಿಡು" ಎಂದು ಕೊಡವಿಕೊಳ್ಳುತ್ತಿದ್ದಳು.

ನೀವು ಕರೆದ ಸಾರ್ವಜನಿಕ ಸಭೆಗೆ ಅವಳೂ ಬಂದಿದ್ದಳು. ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಈ ಯೋಜನೆಯಿಂದ ಯಾರಿಗಾದರೂ ತೊಂದರೆಯಿದೆಯೇ ಎಂದು ನೀವು ಕೇಳಿದಿರಿ. ನಾನು ಎದ್ದು ನಿಂತು, "ಯಾರಿಗೂ ಇಲ್ಲ ಸಾರ್, ಇಡೀ ಬಡಾವಣೆ ಪರವಾಗಿ ಹೇಳ್ತಿದೀನಿ" ಎಂದೆ. ಅಕ್ಕ ಚಪ್ಪಾಳೆ ತಟ್ಟಿದಳು. ತಮ್ಮ ಅಷ್ಟು ಜನರ ಮುಂದೆ ಮಾತಾಡಿದನಲ್ಲ ಎಂಬ ಹಿಗ್ಗು ಅವಳಿಗೆ.

ವೃತ್ತ ಬಂದ ಕೆಲವೇ ತಿಂಗಳಲ್ಲಿ ಅಕ್ಕ ಕೆಲಸ ಬಿಟ್ಟಳು. ಕೇಳಿದ್ದಕ್ಕೆ ಮಂಡಿನೋವು ಎಂದಳು. ನಾನು ಮುಲಾಮು ತಂದುಕೊಟ್ಟೆ. ಮೆಟ್ಟಿಲನ್ನು ಮೊದಲಿನ ಹಾಗೆಯೇ ಸರಸರ ಹತ್ತಿಳಿಯುತ್ತಿದ್ದವಳ ಮಂಡಿಗೆ ರಸ್ತೆಯಲ್ಲಿ ಮಾತ್ರ ಏನಾಗುತ್ತದೆಂದು ಯೋಚಿಸಲಿಲ್ಲ. ಮಾನ್ಯರೇ, ನಂಬುವುದು ಅನುಕೂಲವಾಗಿತ್ತು, ನಂಬಿದೆ. ಅಂಗಡಿಯ ಹಿಂಬದಿಯಲ್ಲಿ ಕೂತು ಟವೆಲುಗಳನ್ನು ಮಡಿಸತೊಡಗಿದಳು. ನನಗೆ ಅದೂ ಅನುಕೂಲವೇ ಆಯಿತು.

ನಿಜ ಗೊತ್ತಾದದ್ದು ಕೋಟು ಒಯ್ಯಲು ಬಂದ ಆಸ್ಪತ್ರೆಯ ನರ್ಸಮ್ಮನಿಂದ.

"ನಿಮ್ಮಕ್ಕ ಇಲ್ದೆ ಫೋನ್ ರೂಮು ಬಿಕೋ ಅಂತಿದೆ. ಯಾರನ್ನಾದ್ರೂ ಕಳಿಸ್ತೀವಿ, ಕೈ ಹಿಡ್ಕೊಂಡು ರಸ್ತೆ ದಾಟಿಸ್ತಾರೆ ಅಂದ್ರೂ ಕೇಳ್ಲಿಲ್ಲ ನೋಡಿ."

"ರಸ್ತೆ ದಾಟೋಕಾ? ಮಂಡಿನೋವು ಅಂದ್ಲಲ್ಲ?"

"ಯಾವ ಮಂಡಿನೋವು? ಕಾರೊಂದು ಬಂದು ಅವ್ರ ಕೋಲನ್ನೇ ಚಕ್ರಕ್ಕೆ ಹಾಕ್ಕೊಂಡು ಮುರೀತು. ಮುರಿದ ತುಂಡು ಹಿಡ್ಕೊಂಡೇ ಒಳಗೆ ಬಂದ್ರು. ನಿಮಗೆ ಹೇಳೇ ಇಲ್ವಾ?"

ಹೊಸ ಕೋಲನ್ನು ನಾನು ಕಂಡಿದ್ದೆ. ಹಳೆಯದು ಬಾಗಿಲಿಗೆ ಸಿಕ್ಕಿ ಮುರಿಯಿತು ಎಂದಿದ್ದಳು. ನರ್ಸಮ್ಮ ಹೋದ ಮೇಲೆ ಹಿಂಬದಿಗೆ ಹೋಗಿ ನಿಂತೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾಕಕ್ಕ ಹೇಳ್ಲಿಲ್ಲ?"

"ಏನಂತ ಹೇಳ್ಲೋ? ಬಂದೋರೆಲ್ಲ ನಿನ್ನ ತಮ್ಮ ಜೀವ ಉಳಿಸಿದ ಅಂತಾರೆ. ಅದೇನು ಸುಳ್ಳಾ? ನನಗೆ ದಾಟೋಕಾಗಲ್ಲ ಅಂತ ಇನ್ನೊಬ್ಳು ಟೀಚರು ಸಾಯಬೇಕಾ?"

"ನಾನೇ ದಾಟಿಸ್ತಿದ್ನಲ್ಲ."

"ದಾಟಿಸ್ತಿದ್ದೆ. ಗಿರಾಕಿ ಇಲ್ದಾಗ."

ಅವಳು ಟವೆಲು ಕೆಳಗಿಟ್ಟು, "ಬಾ, ನಿಂತ್ಕೊಂಡು ಕೇಳು" ಎಂದು ನನ್ನನ್ನೇ ರಸ್ತೆಯಂಚಿಗೆ ಕರೆದೊಯ್ದಳು. ಮೊದಲು ಕೆಂಪು ದೀಪ ಬಿದ್ದೊಡನೆ ನಮ್ಮ ಬದಿಯ ಗಾಡಿಗಳೆಲ್ಲ ನಿಂತು ಗುರುಗುಡುತ್ತಿದ್ದವು, ಅಡ್ಡರಸ್ತೆಯವು ಹೊರಡುತ್ತಿದ್ದವು. ಆ ವ್ಯತ್ಯಾಸವನ್ನು ಹಿಡಿದು ಅವಳು ನಡೆಯುತ್ತಿದ್ದಳಂತೆ. ಈಗ ಯಾವ ಗಾಡಿಯೂ ನಿಲ್ಲುವುದಿಲ್ಲ. ನಿಧಾನಿಸುತ್ತದೆ, ತಿರುಗುತ್ತದೆ, ಸಾಗುತ್ತದೆ. ಬರುತ್ತಿರುವುದು ನಮ್ಮತ್ತ ತಿರುಗುತ್ತದೋ, ಸುತ್ತಿಕೊಂಡು ಆಚೆ ಹೋಗುತ್ತದೋ, ಕಿವಿಗೆ ಗೊತ್ತಾಗುವುದೇ ಇಲ್ಲ. ನಾನು ಕಣ್ಣು ಬಿಟ್ಟುಕೊಂಡೇ ಕೇಳಿದೆ. ಕೊನೆಯಿಲ್ಲದ ಒಂದು ಮೊರೆತ, ಅಷ್ಟೇ. ಕಣ್ಣು ಮುಚ್ಚುವ ಧೈರ್ಯ ನನಗಾಗಲಿಲ್ಲ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವಿರಲಿಲ್ಲ. ನಿಮ್ಮ ಸಹಾಯಕರು ಸೌಜನ್ಯದಿಂದಲೇ ತಿಳಿಸಿದರು: "ದೃಷ್ಟಿಹೀನರಿಂದ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ. ನೋಟಿಸನ್ನ ನಾಲ್ಕೂ ಸಿಗ್ನಲ್ ಕಂಬಕ್ಕೆ ಅಂಟಿಸಿದ್ವಲ್ಲ." ಎಂಥ ಮುಂದಾಲೋಚನೆ! ಕಣ್ಣಿಲ್ಲದವರು ಕಂಬವನ್ನು ತಡವಿ, ಅಚ್ಚಾದ ಅಕ್ಷರಗಳನ್ನು ಬೆರಳಲ್ಲಿ ಓದಿ, ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕಿತ್ತು. ಕೊಡಲಿಲ್ಲವಾದ್ದರಿಂದ ನಿಮ್ಮ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ನಾನು ಇನ್ನೂ ಜೋರಾಗಿ ನಗಬಹುದಿತ್ತು, ಆದರೆ ಆ ನೋಟಿಸುಗಳಿಗೆ ಗೋಂದು ಕಲಸಿಕೊಟ್ಟವನು ನಾನೇ. ವೃತ್ತದ ನಡುವೆ ಕಾರಂಜಿ ಹಾಕಿದರೆ ಶೋಭೆಯಿರುತ್ತದೆಂದು ಸಲಹೆ ಕೊಟ್ಟವನೂ ನಾನೇ. ನೀರು ಭೋರ್ಗರೆಯುತ್ತಿದ್ದರೆ ಅಕ್ಕನ ಕಿವಿಗೆ ಈಗ ಸಿಗುವಷ್ಟೂ ಸಿಗುವುದಿಲ್ಲ. ನಿಮ್ಮ ನಕ್ಷೆಯಲ್ಲಿ ಅದಕ್ಕೆ ಬಣ್ಣದ ದೀಪಗಳನ್ನೂ ಸೇರಿಸಿದ್ದೀರಿ. ಸುಂದರವಾಗಿದೆ.

ಒಬ್ಬ ಹೆಂಗಸಿಗಾಗಿ ವಿನ್ಯಾಸ ಬದಲಿಸುವುದೇ ಎಂದು ಕೇಳುತ್ತೀರಿ. ಒಂದು ಸಾವಿಗಾಗಿ ಬದಲಿಸುವುದೇ ಎಂದು ಆಗಲೂ ಕೇಳಿದ್ದಿರಿ. ಕೊನೆಗೆ ಬದಲಿಸಿದಿರಿ, ಆಕಾಶವೇನೂ ಕಳಚಿ ಬೀಳಲಿಲ್ಲ. ಅಷ್ಟಕ್ಕೂ ಅವಳೊಬ್ಬಳೇ ಎಂದು ನಿಮಗೆ ಹೇಳಿದವರಾರು? ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಉಣ್ಣುವ ನನಗೇ ತಿಳಿಯದ್ದು ನಿಮ್ಮ ಕಡತಕ್ಕೆ ತಿಳಿದೀತೇ? ಎಷ್ಟು ಮನೆಗಳಲ್ಲಿ ಎಷ್ಟು ಜನಕ್ಕೆ ಮಂಡಿನೋವು ಬಂದಿದೆಯೋ.

ವೃತ್ತವನ್ನು ಕಿತ್ತುಹಾಕಿ ಎಂದು ನಾನು ಕೇಳಲಾರೆ. ಆ ಟೀಚರ ಮುಖ ಕಂಡವನು ಕೇಳಲಾರ. ಕೇಳುವುದಿಷ್ಟು. ಕಾಂಕ್ರೀಟು ಸುರಿಯುವ ಮೊದಲು ಪ್ರತಿ ರಸ್ತೆಯಲ್ಲೂ, ವೃತ್ತದಿಂದ ತುಸು ಹಿಂದೆ, ಪಾದಚಾರಿಗಳಿಗೆ ಎತ್ತರಿಸಿದ ದಾಟುದಾರಿ ಮಾಡಿ. ಗುಂಡಿ ಒತ್ತಿದರೆ ವಾಹನಗಳಿಗೆ ಕೆಂಪು ಬೀಳಲಿ, ದಾಟುವವರಿಗೆ ಸದ್ದು ಕೇಳಲಿ. ಕಾರಂಜಿ ಬೇಡ. ನಕ್ಷೆಯನ್ನು ಅಂತಿಮಗೊಳಿಸುವ ಮುನ್ನ ನೀವೇ ಬಂದು, ನನ್ನನ್ನಲ್ಲ, ಅಕ್ಕನನ್ನು ಕೇಳಿ. ಇಡೀ ಬಡಾವಣೆಯ ಪರವಾಗಿ ಮಾತಾಡುವ ಚಟವನ್ನು ನಾನು ಬಿಟ್ಟಿದ್ದೇನೆ.

ಆಸ್ಪತ್ರೆಯವರು ಅವಳ ಜಾಗಕ್ಕೆ ಇನ್ನೂ ಬೇರೆಯವರನ್ನು ತೆಗೆದುಕೊಂಡಿಲ್ಲ. ಎಷ್ಟು ದಿನ ಕಾಯುತ್ತಾರೋ ಗೊತ್ತಿಲ್ಲ. ಅಲ್ಲಿಯವರೆಗೆ ಅಂಗಡಿ ಮುಚ್ಚಿಯಾದರೂ ದಿನವೂ ದಾಟಿಸುತ್ತೇನೆಂದೆ, ಅಕ್ಕ ಒಪ್ಪಿಲ್ಲ. ಪತ್ರ ಬರೆಯಲು ಮಾತ್ರ ಒಪ್ಪಿದಳು. "ಬರಿ. ಪಾಪದವಳು, ನೊಂದವಳು ಅಂತೆಲ್ಲ ಬರೀಬೇಡ. ಕೆಲಸಕ್ಕೆ ಹೋಗಬೇಕು, ದಾರಿ ಬಿಡಿ ಅಂತ ಬರಿ" ಎಂದಳು. ಬರೆದಿದ್ದೇನೆ.

ಇಂತಿ
ತಮ್ಮ
(ನಿಮ್ಮವನು ಎಂಬ ಅರ್ಥದಲ್ಲಲ್ಲ; ಅಕ್ಕನಿಗೆ ತಮ್ಮ, ಅದೂ ಈಚೆಗಷ್ಟೇ ಆಗಲು ಹೊರಟವನು)