ಸಕ್ಕರೆಗೆ ಮುಂಚಿನ ಆಟ

ಗಜೇಂದ್ರಗಡ
೨೧ ಡಿಸೆಂಬರ್ ೨೦೦೮

ತಂಗಿ ರಸೂಲಬಿಗೆ,

ನಿನ್ನ ಅಣ್ಣ ಜಂಗ್ಲಿಸಾಬನ ಸಲಾಮು. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀನೂ ಆರಾಮ ಇರುವೆ ಎಂದು ಗೊತ್ತು, ಯಾಕೆಂದರೆ ಆರಾಮ ಇಲ್ಲದವರಿಗೆ ಇಷ್ಟು ದಿನ ಸಿಟ್ಟು ಹಿಡಿದುಕೊಂಡು ಕೂರುವ ಶಕ್ತಿ ಇರುವುದಿಲ್ಲ.

ಬರೆಯಲು ತಡವಾಯಿತು, ಮಾಫ್ ಮಾಡು. ಚಳಿ ಶುರುವಾದರೆ ಊರಿಗೆಲ್ಲ ಗಾದಿಯ ನೆನಪಾಗುತ್ತದೆ. ಅಂಗಡಿಯಲ್ಲಿ ಹತ್ತಿ ಹಿಂಜಿ ಹಿಂಜಿ ನನ್ನ ಗಡ್ಡ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿವೆ. ಮೊನ್ನೆ ಇಟಗಿಯ ಗಿರಾಕಿಯೊಬ್ಬ ನನ್ನನ್ನೇ ನೋಡಿ, 'ಅಜ್ಜಾರ, ಮಾಲಕರು ಎಲ್ಲಿ ಹೋಗ್ಯಾರ್ರಿ?' ಎಂದು ಕೇಳಿದ. 'ಇನ್ನೊಂದ ಮದವಿ ಆಗಾಕ ಹೋಗ್ಯಾರ' ಎಂದೆ. ಒಳಗಿನಿಂದ ನಿನ್ನ ಅತ್ತಿಗೆ ಹಸನಬಿ, 'ಅವರಿಗೆ ಹೆಣ್ಣ ಕೊಡೂ ಮಂದಿ ಎಲ್ಲಿ ಅದಾರ, ಸ್ವಲ್ಪ ಕೇಳ್ರಿ. ನಾನೂ ನೋಡ್ಬೇಕು' ಎಂದಳು. ಗಿರಾಕಿ ಗಾದಿಯ ಜೊತೆ ಎರಡು ತಲೆದಿಂಬನ್ನೂ ಒಯ್ದ. ನಗಿಸಿದರೆ ವ್ಯಾಪಾರ ಆಗುತ್ತದೆ.

ಮೊದಲು ಫೋನು ಮಾಡಿ ನೋಡಿದೆ. ನನ್ನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು, ಆದರೆ ಹರಿಯುವ ಮೊದಲು ಒಂದೆರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ. ಮೂರನೇ ಇಯತ್ತೆ ಕಲಿತವನ ಅಕ್ಷರ, ಬಿಡಿಸಿ ಓದುವಷ್ಟರಲ್ಲಿ ಅರ್ಧ ಸಿಟ್ಟು ಇಳಿದರೂ ಇಳಿಯಬಹುದು.

ಬಕ್ರೀದ್ ಹಬ್ಬಕ್ಕೂ ನೀನು ಬರಲಿಲ್ಲ. ಮಕ್ಕಳ ಎಲೆ ಆಟದ ಪಂದ್ಯದ ದಿನ ರೋಣದಿಂದ ಸಕ್ಕರೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನರಗುಂದದ ಬಸ್ಸು ಹತ್ತಿದವಳು ನೀನು. ನಮ್ಮ ಸಾನಿಯಾ ಮತ್ತು ನಿನ್ನ ಸಾಜೀದನ ಮದುವೆಯ ಮಾತು ಅಲ್ಲೇ ನಿಂತಿದೆ. ನೀನು ಬಂದು ಅವಳ ಬಾಯಿಗೆ ಸಕ್ಕರೆ ಹಾಕಿದರೆ ನಿಶ್ಚಯ, ಇಲ್ಲದಿದ್ದರೆ ಇಲ್ಲ. ಬರುತ್ತೀಯೋ ಇಲ್ಲವೋ ಎಂದು ನೇರ ಕೇಳಲಿಕ್ಕೇ ಈ ಕಾಗದ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಡವಾಗಿದ್ದಕ್ಕೆ ಮಾಫಿ ಕೇಳಿದೆ. ಹುಡುಗಿ ಗೆದ್ದಿದ್ದಕ್ಕೆ ಕೇಳುವುದಿಲ್ಲ.

ಅವತ್ತು ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ನೀನು ಹೆಂಗಸರ ಸಾಲಿನಲ್ಲಿ ಹಿಂದೆ ಕುಳಿತಿದ್ದೆ. ಮುಂದೆ ಮಂದಿ ನಕ್ಕರು, ಮಗ ಸೋತ. ನಿನ್ನ ಪಾಲಿಗೆ ಅಷ್ಟೇ ಆಟ. ನಾನು ಮೇಜಿನ ಹತ್ತಿರವೇ ನಿಂತಿದ್ದೆ, ಹೇಳುತ್ತೇನೆ ಕೇಳು.

ಮಕ್ಕಳು ಆಡುವ ಈ ದೆವ್ವದ ಎಲೆಗಳು ನಮ್ಮ ಇಸ್ಪೀಟಿನ ಹಾಗಲ್ಲ. ಒಬ್ಬೊಬ್ಬರೂ ಅಂಗಡಿಯಲ್ಲಿ ಎಲೆ ಕೊಂಡು, ಆರಿಸಿ, ತಮ್ಮದೇ ಒಂದು ಕಟ್ಟು ಮಾಡಿಕೊಂಡು ಬರಬೇಕು. ಒಂದೊಂದು ಎಲೆಯ ಮೇಲೂ ಒಂದು ದೆವ್ವ, ಇಲ್ಲವೇ ಒಂದು ಮಾಟ. ಕೆಳಗೆ ಇಂಗ್ಲಿಷಿನಲ್ಲಿ ಅದರ ಕಾನೂನು. ಸತ್ತ ದೆವ್ವ ಪಕ್ಕದ ರಾಶಿಗೆ ಹೋಗುತ್ತದೆ, ಅದಕ್ಕೆ ಕಬರಸ್ತಾನ ಎನ್ನುತ್ತಾರೆ. ಎದುರಿನವರ ಜೀವ ಮುಗಿಸಿದವರು ಗೆದ್ದಂತೆ. ಇನ್ನೊಂದು ದಾರಿಯೂ ಇದೆ, ಅದರ ಕಡೆ ಯಾರೂ ನೋಡುವುದಿಲ್ಲ. ಸರದಿ ಬಂದಾಗ, ಹೊಡೆಯುವ ಮೊದಲು, ತನ್ನ ಕಟ್ಟಿನಿಂದ ಒಂದು ಎಲೆ ಎತ್ತಬೇಕು. ಎತ್ತಲು ಎಲೆಯೇ ಇಲ್ಲದವನು ಸೋತಂತೆ.

ನಮ್ಮಿಬ್ಬರ ಮಕ್ಕಳೂ ಕೊನೆಯ ಆಟಕ್ಕೆ ಬಂದು ನಿಂತರು. ಆಟ ಮುಗಿದ ಮೇಲೆ ರೋಣದಲ್ಲೇ ದೊಡ್ಡವ್ವ ಜಮಾಲಬಿಯ ಮನೆಯಲ್ಲಿ ಸಕ್ಕರೆ ಶಾಸ್ತ್ರ ಎಂದು ಮಾತಾಗಿತ್ತು. ಆಗ ನೀನು ನನ್ನನ್ನು ಕಂಬದ ಹಿಂದೆ ಕರೆದೆ.

'ಹುಡುಗೀಗಿ ಹೇಳು, ಇವತ್ತೊಂದಿನ ಸೋಲಲಿ. ಮಂದಿ ಮುಂದ ಗಂಡನ್ನ ಸೋಲಿಸಿದಾಕಿ ಅಂತ ಹೆಸರ ಬಂದ್ರ ಚಲೋ ಅಲ್ಲ' ಎಂದೆ ನೀನು.

'ಆತು' ಎಂದು ನಾನು ಸಾನಿಯಾ ಹತ್ತಿರ ಹೋದೆ.

'ಏನಪ್ಪಾ?' ಎಂದಳು.

'ಮಿರ್ಚಿ ತಿಂತಿಯೇನವಾ? ಬಿಸಿ ಅದಾವು' ಎಂದೆ.

'ಬ್ಯಾಡ, ಕೈ ಎಣ್ಣಿ ಆಕ್ಕಾವು. ಎಲಿ ಹೊಲಸಾದ್ರ ಅವ ಮತ್ತ ಸೋತಿದ್ದಕ್ಕ ಅದನ್ನ ನೆವಾ ಮಾಡ್ಯಾನು' ಎಂದಳು.

ನಮ್ಮ ನಡುವೆ ಆಗಿದ್ದು ಇಷ್ಟೇ. ನಿನ್ನ ಮಾತು ಅವಳಿಗೆ ಮುಟ್ಟಲೇ ಇಲ್ಲ. ಅವಳು ನಿನ್ನ ಮಾತು ಮೀರಿದಳೆಂದು ಸಿಟ್ಟಿದ್ದರೆ ಆ ಸಿಟ್ಟನ್ನು ಈ ಕಡೆ ತಿರುಗಿಸು. ನನ್ನ ಬೆನ್ನು ನಾನು ಮಾಡುವ ಗಾದಿಗಿಂತ ದಪ್ಪ.

ಸಾಜೀದನ ಆಟ ನೋಡಲು ಚೆಂದ, ಸುಳ್ಳು ಹೇಳುವುದಿಲ್ಲ. ದೊಡ್ಡ ದೊಡ್ಡ ದೆವ್ವ ಇಳಿಸುತ್ತಾನೆ, ಧಡಧಡ ಹೊಡೆಯುತ್ತಾನೆ. ಕೈ ಖಾಲಿಯಾದರೆ ಮಾಟ ಹಾಕಿ ಕಟ್ಟಿನಿಂದ ಮೂರ್ನಾಲ್ಕು ಎಲೆ ಒಮ್ಮೆಲೇ ಎತ್ತುತ್ತಾನೆ. ಸಾನಿಯಾ ಏಟು ತಿನ್ನುತ್ತ, ಅವನ ದೆವ್ವಗಳನ್ನು ಒಂದೊಂದಾಗಿ ಕೊಲ್ಲುತ್ತ ಸುಮ್ಮನೆ ಕುಳಿತಿದ್ದಳು. ಅವಳ ಮುಂದೆ ಇದ್ದದ್ದು ಒಬ್ಬ ಬಡಕಲು ಕಾವಲುಗಾರನ ಎಲೆ. ಯಾರ ದೆವ್ವವೇ ಆಟದೊಳಗೆ ಬರಲಿ, ಅದರ ಧಣಿ ತನ್ನ ಕಟ್ಟಿನಿಂದ ಒಂದು ಎಲೆ ಕಬರಸ್ತಾನಕ್ಕೆ ಎಸೆಯಬೇಕು, ಅದು ಅವನ ಕಾನೂನು. ಇಟ್ಟವರಿಗೂ ಅದು ತಾಗುತ್ತದೆ. ಅದಕ್ಕೇ ಆ ಎಲೆಯನ್ನು ಅಂಗಡಿಯವನು ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಇವಳು ಬೇಡಿ ತಂದಿದ್ದಳು.

ಅವಳ ಜೀವ ಇನ್ನೇನು ಒಂದು ಏಟಿನಷ್ಟು ಉಳಿದಿತ್ತು. ಆಗ ಸತ್ತವರನ್ನು ಎಬ್ಬಿಸುವ ಎಲೆ ಹಾಕಿದಳು. ಅದನ್ನು ನಿಮ್ಮ ನರಗುಂದದಲ್ಲಿ ಒಂದು ಥರ ಆಡುತ್ತಾರೆ, ನಮ್ಮಲ್ಲಿ ಒಂದು ಥರ. ನಿಮ್ಮಲ್ಲಿ ಎಲೆ ಹಾಕಿದವನ ದೆವ್ವಗಳು ಮಾತ್ರ ಏಳುತ್ತವೆ. ನಮ್ಮ ಓಣಿಯಲ್ಲಿ ಕಬರಸ್ತಾನ ಎಂದರೆ ಕಬರಸ್ತಾನವೇ. ಎದ್ದರೆ ಲೋಕ ಮುಗಿಯುವ ಕಿಯಾಮತ್ ದಿನದ ಹಾಗೆ ಎರಡೂ ಕಡೆಯವರು ಏಳಬೇಕು.

'ನಿನ್ನವೂ ಎಬ್ಬಿಸು' ಎಂದಳು.

ಸಾಜೀದನಿಗೆ ನಗು ತಡೆಯಲಿಲ್ಲ. 'ಮಾಮಾ, ನಿಮ್ಮ ಮಗಳು ಈಗಿಂದನ ನನಗ ಮದವಿ ಆಯೇರಿ ಮಾಡಾಕತ್ತಾಳ ನೋಡ್ರಿ' ಎಂದು ತನ್ನ ದೆವ್ವಗಳನ್ನೆಲ್ಲ ಸಾಲಾಗಿ ನಿಲ್ಲಿಸತೊಡಗಿದ. ಸಾನಿಯಾ ಆ ಬಡಕಲು ಕಾವಲುಗಾರನ ಮೇಲೆ ಬೆರಳಿಟ್ಟಳು. ಹುಡುಗ ತನ್ನ ಕಟ್ಟು ನೋಡಿದ. ಎದ್ದ ದೆವ್ವ ಬಹಳ, ಕಟ್ಟಿನಲ್ಲಿ ಉಳಿದ ಎಲೆ ಸ್ವಲ್ಪ. ಅವನ ಮುಖದ ಮೇಲಿನ ನಗು ಎತ್ತಿನ ಗಾಡಿ ಇಳಿಜಾರಿನಲ್ಲಿ ನಿಲ್ಲುವ ಹಾಗೆ ಕಿರುಗುಟ್ಟಿ ನಿಂತಿತು.

'ತಡಿ ತಡಿ. ನಮ್ಮೂರಾಗ ಹಿಂಗಿಲ್ಲ. ನನ್ನವು ಏಳಂಗಿಲ್ಲ' ಎಂದ.

'ಕಿಯಾಮತ್ ದಿನ ನಾ ಏಳಂಗಿಲ್ಲ, ನಂದು ನರಗುಂದ ಅಂದ್ರ ಬಿಡತಾರೇನು?' ಎಂದಳು ಸಾನಿಯಾ.

ಮಂದಿ ನಕ್ಕಿದ್ದು ಇದಕ್ಕೆ. ನಿನ್ನ ಮಗನಿಗಲ್ಲ, ಈ ಮಾತಿಗೆ.

ಪಂಚರಾಗಿ ಕುಳಿತವರು ಲಕ್ಕಲಕಟ್ಟಿಯ ಸಣ್ಣಪ್ಪನವರು, ರಿಟೈರಾದ ಕಂಡಕ್ಟರ್. ಅವರು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಓದಿದರು. ಆಮೇಲೆ ಸೀಟಿ ಊದಿದರು. 'ಆಲ್ ಅಂತ ಬರದಾರ. ಬಸ್ ಡಿಪೋಕ್ಕ ಹೊಂಟೈತಿ, ಎಲ್ಲಾರೂ ಇಳೀರಿ ಅಂದ್ರ ಪಾಸ್ ಇದ್ದವರೂ ಇಳೀಬೇಕು. ಎಬ್ಬಿಸೋ ತಮ್ಮಾ' ಎಂದರು.

ಎಬ್ಬಿಸಿದ. ಒಂದು ದೆವ್ವ ಎದ್ದಿತು, ಒಂದು ಎಲೆ ಹೋಯಿತು. ಇನ್ನೊಂದು ಎದ್ದಿತು, ಇನ್ನೊಂದು ಹೋಯಿತು. ಕಟ್ಟು ಮುಗಿದ ಮೇಲೂ ಎರಡು ದೆವ್ವ ಏಳುವುದು ಬಾಕಿ ಇತ್ತು. ಸಾನಿಯಾಳ ಕಡೆ ಸತ್ತವರು ಕಡಿಮೆ, ಕಟ್ಟು ಇನ್ನೂ ದಪ್ಪವಿತ್ತು. ಸಾಜೀದನ ಸರದಿ ಬಂತು. ಊರು ಸುಡುವಂಥ ಪಡೆ ಹಲ್ಲು ಕಿರಿದುಕೊಂಡು ಅವನ ಮುಂದೆ ನಿಂತಿದೆ, ಅವನು ಎಲೆ ಎತ್ತಲು ಕೈ ಚಾಚಿದರೆ ಬರೀ ಮೇಜು. ಆಗಲೇ ಯಾರೋ ಒಬ್ಬ, 'ನರಗುಂದದ ಅಳಿಯಾ, ನಿಕಾ ಆಗೂಕ್ಕಿಂತ ಮದಲ ಮನಿ ಖಾಲಿ ಆತಲ್ಲೋ!' ಎಂದು ಕೂಗಿದ್ದು. ನೀನು ಎದ್ದಿದ್ದು ಆಗ.

ನೀನು ಎದ್ದು ಹೋದ ಮೇಲಿನದನ್ನು ಹೇಳುತ್ತೇನೆ. ಸಾಜೀದ ಆ ಖಾಲಿ ಮೇಜು ನೋಡಿ ಮೊದಲು ತಾನೇ ನಕ್ಕ. ನಂತರ, 'ಇನ್ನೊಮ್ಮಿ ತೋರಸು, ಎಲ್ಲಿಂದ ಸುರು ಮಾಡಿದಿ?' ಎಂದ. ಇಬ್ಬರೂ ಎಲೆಗಳನ್ನು ಮತ್ತೆ ಹರವಿಕೊಂಡು ಕುಳಿತರು. ಸಣ್ಣಪ್ಪನವರು ಬಹುಮಾನದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತೇ ಇದ್ದರು, ಇವರಿಗೆ ತಲೆ ಎತ್ತುವ ಪುರುಸೊತ್ತಿಲ್ಲ.

ಇನ್ನೊಂದು ಸುದ್ದಿ, ಹುಡುಗನನ್ನು ಬಯ್ಯಬೇಡ. ಹೋದ ಭಾನುವಾರ ಅವನು ಇಲ್ಲಿಗೆ ಬಂದಿದ್ದ. ಮೊಬೈಲ್ ಅಂಗಡಿಗೆ ಸಾಮಾನು ತರಲು ಗದಗಿಗೆ ಹೋಗುತ್ತೇನೆಂದು ನಿನಗೆ ಹೇಳಿದ್ದನಂತೆ. ನರಗುಂದದಿಂದ ಗದಗಿಗೆ ಗಜೇಂದ್ರಗಡದ ಮೇಲೆ ಹಾಯ್ದು ಹೋಗುವ ದಾರಿಯನ್ನು ನಿನ್ನ ಮಗನೇ ಕಂಡುಹಿಡಿದಿದ್ದಾನೆ. ಅವನೂ ಸಾನಿಯಾಳೂ ಕಟ್ಟೆಯ ಮೇಲೆ ಕುಳಿತು ಆಡಿದರು. ಹಸನಬಿ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕುಳಿತಿದ್ದಳು, ಅಷ್ಟು ಸ್ವಚ್ಛ ಅಕ್ಕಿಯ ಅನ್ನ ನಾವು ಈ ವರ್ಷ ಉಂಡಿರಲಿಲ್ಲ. ಹುಡುಗ ಮತ್ತೆ ಸೋತ.

'ಅವ್ವನ ಸಲವಾಗಿ ನೀ ಸೋಲಬ್ಯಾಡ ಮತ್ತ. ಹಂಗ ಮಾಡಿದ್ರ ನಾ ಆಟಾನ ಬಿಡತೀನಿ' ಎಂದು ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು.

'ನನಗ ಸೋಲಾಕ ಬರಂಗೂ ಇಲ್ಲ. ಕಲಸತಿಯೇನು?' ಎಂದಳು ಇವಳು.

'ನನ್ನಷ್ಟ ಚಲೋ ಯಾರ ಕಲಸತಾರ!' ಎಂದ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ನನ್ನನ್ನು ಕೇಳಿದ: 'ಮಾಮಾ, ಸೋತಾಂವ ನಾನು. ಸಿಟ್ಟು ಅವ್ವಗ ಯಾಕ್ರಿ?' 'ಬಸ್ ತಪ್ಪತೈತಿ, ಲಗೂ ನಡಿ' ಎಂದೆ.

ಸಾನಿಯಾಳನ್ನೂ ಕೇಳಿ ನೋಡಿದೆ. ಅವಳಿಗೆ ಅವನು ಬೇಕು. ಆದರೆ, 'ಅತ್ತಿ ಮನಸಿನಿಂದ ಬರಲಿ. ಮಾರಿ ಗಂಟ ಹಾಕ್ಕೊಂಡು ಹಾಕಿದ ಸಕ್ಕರಿ ಸಕ್ಕರಿ ಅಲ್ಲಪ್ಪಾ' ಎನ್ನುತ್ತಾಳೆ. ಕಾದು ಕುಳಿತುಕೊಳ್ಳುವುದು ಅವಳಿಗೆ ಗೊತ್ತು, ಆಟದ ಕಥೆ ಈಗ ಓದಿದೆಯಲ್ಲ.

ನಿನ್ನ ಮೊಣಕಾಲಿಗೆ ಅಲ್ಲಾ ಆರಾಮ ಕೊಡಲಿ. ನಿನ್ನ ಮನೆಯಲ್ಲಿ ಹಾಲು, ಸಕ್ಕರೆ, ಮಾತು, ಮೂರೂ ಕಡಿಮೆಯಾಗದಿರಲಿ. ಸಾಜೀದನಿಗೆ ನೂರು ವರ್ಷ ಆಯುಷ್ಯವಿರಲಿ, ಅಷ್ಟರಲ್ಲಿ ಒಂದು ಆಟವಾದರೂ ಗೆಲ್ಲಲಿ. ಹಸನಬಿ ಸಲಾಮು ಹೇಳಿದ್ದಾಳೆ.

ನಿನ್ನ ಅಣ್ಣ,
ಜಂಗ್ಲಿಸಾಬ
ಗಾದಿ ಅಂಗಡಿ

ತಾಜಾ ಕಲಮು: ನಿನ್ನ ಮಾತನ್ನು ಸಾನಿಯಾಗೆ ಯಾಕೆ ಮುಟ್ಟಿಸಲಿಲ್ಲ ಎಂಬುದನ್ನು ಮೇಲೆ ಬರೆಯದೆ ಬಿಟ್ಟೆ. ಅದನ್ನು ನಗುತ್ತ ಬರೆಯಲು ನನಗೆ ಬರುವುದಿಲ್ಲ. ನಿನ್ನ ಮದುವೆಯ ಮರುದಿನ ಅಂಗಳದಲ್ಲಿ ಮದುಮಕ್ಕಳನ್ನು ಕೂರಿಸಿ, ಅರಿಶಿನ ನೀರಿನ ಪರಾತದಲ್ಲಿ ಉಂಗುರ ಹುಡುಕುವ ಆಟ ಆಡಿಸಿದರು. ನೀರು ಹಾಕುತ್ತಿದ್ದವನು ನಾನು. ನಿನ್ನ ಗಂಡ ಫಕೀರಸಾಬ ಇನ್ನೂ ತಡಕಾಡುತ್ತಿದ್ದ, ಉಂಗುರ ಆಗಲೇ ನಿನ್ನ ಮುಷ್ಟಿಯಲ್ಲಿತ್ತು. ಬೆರಳ ಸಂದಿಯಲ್ಲಿ ಅದು ಹೊಳೆದಿದ್ದನ್ನು ನಾನು ನೋಡಿದೆ. ಮೇಲೆತ್ತಬೇಕು ಎನ್ನುವಾಗ ನಮ್ಮವ್ವ ಹಿಂದಿನಿಂದ ನಿನ್ನ ಭುಜ ಒತ್ತಿದಳು. ನೀನು ಮುಷ್ಟಿ ಬಿಚ್ಚಿದೆ. ಅವನು ಉಂಗುರ ಎತ್ತಿ ಹಿಡಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ನೀನೂ ನಕ್ಕೆ. ಆಮೇಲೆ ನೀನು ಹಿತ್ತಲಿಗೆ ಹೋಗಿ, ಅರಿಶಿನ ಹೋದ ಮೇಲೂ ಆ ಕೈಯನ್ನು ತೊಳೆಯುತ್ತಲೇ ನಿಂತಿದ್ದೆ.

ರೋಣದ ಆ ಕಂಬದ ಹಿಂದೆ ಮಾತಾಡುವಾಗ ನಿನ್ನ ಕೈ ನನ್ನ ಭುಜದ ಮೇಲಿತ್ತು. ಅವ್ವನ ಕೈಯಷ್ಟೇ ಭಾರ ಇತ್ತು, ರಸೂಲಾ. ಅದನ್ನು ನನ್ನ ಮಗಳ ಭುಜದ ತನಕ ಒಯ್ಯಲು ನನ್ನಿಂದ ಆಗಲಿಲ್ಲ.