ಮಾರಮ್ಮನ ಹಾಡಿನೊಳಗೆ ಮತ್ತೆ ಮೋಟಾರು

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ವಿಭಾಗದ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳು ತಾವು ನಮ್ಮ ಕಂಪ್ಯೂಟರನ್ನು ಉದ್ಧಾರ ಮಾಡಿದಿರಿ. ಅಂದಿನಿಂದ ನಮ್ಮ ನಗರದಂಚಿನ ಸಿಂಗಾಪುರದ ಮಾರಮ್ಮನವರ ಒಂಬತ್ತು ಹಾಡುಗಳು ನೀರಿನ ಮೋಟಾರಿನ ಸದ್ದಿನಡಿ ಹೂತುಹೋಗಿವೆ. ಅವನ್ನು ಹೊರತೆಗೆಯಲು ಈ ಪತ್ರ. ಓದಲು ಪುರುಸೊತ್ತಿಲ್ಲದಿದ್ದರೆ ‘ಆಮೇಲೆ’ ಎನ್ನಬಹುದು. ‘ಬೇಡ’ ಎನ್ನುವ ಅವಕಾಶವನ್ನು, ತಮ್ಮಿಂದಲೇ ಕಲಿತು, ನಾನೂ ಇಟ್ಟಿಲ್ಲ.

ಮಾರಮ್ಮನವರಿಗೆ ಎಪ್ಪತ್ತನಾಲ್ಕು. ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಬಲ್ಲವರು ಈಗ ಅವರೊಬ್ಬರೇ. ಆ ಹಾಡುಗಳಲ್ಲಿ ಒಂದೊಂದು ಹೊಲಕ್ಕೂ ಹೆಸರಿದೆ, ಅಲ್ಲಿ ಬೆನ್ನು ಬಗ್ಗಿಸಿದವಳ ಹೆಸರೂ ಇದೆ. ಇಂದು ಆ ಹೊಲಗಳ ಹೆಸರು ಮೂರನೇ ಅಡ್ಡರಸ್ತೆ, ನಾಲ್ಕನೇ ಅಡ್ಡರಸ್ತೆ. ಕೂಲಿ ಹೆಂಗಸಿನ ಹೆಸರನ್ನು ಯಾವ ಪಹಣಿಯೂ ಬರೆದುಕೊಳ್ಳಲಿಲ್ಲ. ಹಾಡು ಇಟ್ಟುಕೊಂಡಿತ್ತು.

ಏಪ್ರಿಲ್‌ನಲ್ಲಿ ಅವನ್ನು ರೆಕಾರ್ಡ್ ಮಾಡಲು ನಮ್ಮ ಹಾಡಿನ ತಂಡ ಹೊರಟಿತು. ಆರ್.ಟಿ. ನಗರದ ನಮ್ಮ ಕೋಣೆಗೆ ಬನ್ನಿ, ಬಾಗಿಲು ಹಾಕಿಕೊಂಡು ಹಾಡಿ ಎಂದರೆ ಮಾರಮ್ಮ, “ಬಾಗ್ಲಾಕ್ಕೊಂಡ್ ಆಡೋಕೆ ನಾನೇನ್ ಕಳ್ಳೀನಾ?” ಎಂದು ನಮ್ಮನ್ನೇ ವಿಚಾರಣೆಗೆ ನಿಲ್ಲಿಸಿದರು. ಹಾಗಾಗಿ ಅವರ ಮನೆಯ ಜಗಲಿಯಲ್ಲೇ ಮೈಕ್ ಇಟ್ಟೆವು. ಪಕ್ಕದ ಮನೆಯವರು ಮೂರು ಮಹಡಿಗೆ ನೀರು ಏರಿಸುತ್ತಿದ್ದರು. ಹಾಡಿನ ಜೊತೆ ಮೋಟಾರೂ ರೆಕಾರ್ಡ್ ಆಯಿತು.

ಆ ಮೋಟಾರನ್ನು ತೆಗೆದವನು ನಮ್ಮ ಖಾದರ್ ಬಾಷಾ. ರೆಕಾರ್ಡಿಂಗ್ ತಂತ್ರಾಂಶದೊಳಗೆ ಸಿಕ್ಕಿಸಿಕೊಳ್ಳುವ ಸಣ್ಣ ತಂತ್ರಾಂಶವೊಂದಿದೆ, ಟ್ರ್ಯಾಕ್ಟರಿನ ಹಿಂದೆ ನೇಗಿಲು ಕಟ್ಟಿದ ಹಾಗೆ. ಅದಕ್ಕೆ ಪ್ಲಗಿನ್ ಎನ್ನುತ್ತಾರೆ. ಅದನ್ನಿಟ್ಟುಕೊಂಡು ಖಾದರ್ ಬಾಷಾ ನಾಲ್ಕು ತಿಂಗಳು, ಅಕ್ಕಿಯಿಂದ ಕಲ್ಲು ಆರಿಸುವಂತೆ, ಸಾಲು ಸಾಲಾಗಿ ಮೋಟಾರು ಆರಿಸಿದ. ಆದರೆ ಅಂತಿಮ ಪ್ರತಿ ತೆಗೆಯುವವರೆಗೆ ಮೂಲ ರೆಕಾರ್ಡಿಂಗ್ ಹಾಗೇ ಇರುತ್ತದೆ, ಪ್ಲಗಿನ್ ನಡೆಯುತ್ತಿದ್ದರಷ್ಟೇ ಮೋಟಾರು ಮರೆಯಾಗುತ್ತದೆ. ಆ ನಡುವೆಯೇ ಮಾರಮ್ಮನವರಿಗೆ ಗಂಟಲಿನ ಆಪರೇಷನ್ ಆಯಿತು. ಈಗ ಅವರು ಪಿಸುಗುಟ್ಟಬಲ್ಲರು, ಹಾಡಲಾರರು.

ಕೆಲಸ ಮುಗಿದ ಹಾಡಿನ ಅಂತಿಮ ಪ್ರತಿ ತೆಗೆದಿಡಬೇಕಿತ್ತಲ್ಲವೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಚಳವಳಿಯಿಂದ ಬಂದವರು. ಮಾರಮ್ಮನವರೂ ಸೇರಿ ಹನ್ನೊಂದು ಜನವೂ ಒಟ್ಟಿಗೆ ಕೂತು ಕೇಳಿ, ಹನ್ನೊಂದು ಜನವೂ ‘ಆಯ್ತು’ ಎನ್ನುವವರೆಗೆ ನಮ್ಮಲ್ಲಿ ಯಾವ ಹಾಡೂ ಮುಗಿದದ್ದಲ್ಲ. ಒಬ್ಬರಿಗೆ ತಮಟೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ. ಏಳು ಸಭೆ ನಡೆದವು. ಎಂಟನೆಯದಕ್ಕೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ತಾವು ಬಂದಿರಿ.

ತಾವು ಮೊದಲಿಂದಲೂ ಬರುತ್ತಲೇ ಇದ್ದಿರಿ. ಪರದೆಯ ಮೂಲೆಯಲ್ಲಿ ‘ಈಗ’, ‘ಆಮೇಲೆ’ ಎಂಬ ಎರಡು ಗುಂಡಿ. ಖಾದರ್ ಬಾಷಾ ದಿನವೂ ‘ಆಮೇಲೆ’ ಒತ್ತಿ ತಮ್ಮನ್ನು ಬಾಗಿಲಿಂದಲೇ ಕಳಿಸುತ್ತಿದ್ದ. ಒಂದು ಶುಕ್ರವಾರ ಅವನು ನಮಾಜಿಗೆ ಹೋಗಿದ್ದ. ಮಾರಮ್ಮನ ಮೊಮ್ಮಗಳು ಸಂಯುಕ್ತಾ ಹಾಡು ಬರೆದುಕೊಳ್ಳಲು ಬಂದು ಕೂತಿದ್ದಳು. ತಮ್ಮ ಚೌಕ ಸರಿಯಾಗಿ ಪರದೆಯಲ್ಲಿದ್ದ ಹಾಡಿನ ಸಾಹಿತ್ಯದ ಮೇಲೆಯೇ ಬಂದು ನಿಂತಿತು. ಅದನ್ನು ಸರಿಸಲು ನಾನು ‘ಈಗ’ ಒತ್ತಿದೆ. ಆಮೇಲೆ ಬಂದದ್ದಕ್ಕೆಲ್ಲ ‘ಒಪ್ಪುತ್ತೇನೆ’ ಒತ್ತಿದೆ. ಮೂವತ್ತು ವರ್ಷ ಓದದೆ ಯಾವ ಕಾಗದಕ್ಕೂ ಸಹಿ ಹಾಕದವನು, ಹಾಕಿದವರನ್ನು ಬೀದಿಯಲ್ಲಿ ನಿಲ್ಲಿಸಿ ಬೈದವನು.

ಖಾದರ್ ಬಾಷಾ ಬಂದವನೇ ಪರದೆ ನೋಡಿದ.

“ಅಣ್ಣ, ಏನ್ ಒತ್ತಿದ್ರಿ?”

“ಅಡ್ಡ ಬರ್ತಿತ್ತು ಕಣೋ, ಒತ್ತಿದೆ.”

“ಆರು ತಿಂಗ್ಳಿಂದ ತಳ್ಕೊಂಡ್ ಬಂದಿದ್ನಲ್ಲಣ್ಣ! ಪೊಲೀಸ್ನೋರ್ ಕೇಳಿದ್ರೆ ನಿಮ್ ಹೆಸ್ರೂ ಹೇಳಲ್ಲ ನೀವು. ಇದಕ್ ಮಾತ್ರ ಪೂರ್ತಿ ಒಪ್ಕೊಂಡ್ಬಿಟ್ರಾ?”

ತಂತ್ರಾಂಶ ತೆರೆಯಿತು. ಪ್ಲಗಿನ್ ಇದ್ದ ಜಾಗದಲ್ಲಿ ಬೂದು ಬಣ್ಣದ ಖಾಲಿ ಚೌಕ: ಈ ಹಳೆಯ ಬಗೆಯ ತಂತ್ರಾಂಶ ಹೊಸ ಸಿಸ್ಟಂನಲ್ಲಿ ನಡೆಯುವುದಿಲ್ಲ. ಹಾಡು ಹಾಕಿದರೆ ಮೊದಲು ಕೇಳಿಸಿದ್ದು ಮೋಟಾರು.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಹಳೆಯ ಸಿಸ್ಟಂಗೆ ಮರಳಬಹುದಂತೆ, ಆದರೆ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸಬೇಕಂತೆ. ಅಳಿಸಿದರೆ ಪ್ಲಗಿನ್ನೂ ಹೋಗುತ್ತದೆ. ಅದನ್ನು ಮತ್ತೆ ಹಾಕಲು ಅದರ ಕಂಪನಿಯ ಅನುಮತಿ ಬೇಕು. ಆ ಕಂಪನಿ ಬಾಗಿಲು ಮುಚ್ಚಿ ಎರಡು ವರ್ಷವಾಯಿತು. “ಸಾರ್, ನೀವೇ ಅಗ್ರೀ ಕೊಟ್ಟಿದ್ದೀರಲ್ಲ?” ಎಂದಿತು ಆ ಕಡೆಯ ವಿನಯವಂತ ದನಿ. ಹೌದು, ಕೊಟ್ಟಿದ್ದೇನೆ. ಮನೆ ಒಡೆಯಲು ಬಂದವರೂ ಹೀಗೇ ಒಂದು ಕಾಗದ ತೋರಿಸುತ್ತಾರೆ. ಮೊದಲು ದಾರಿಗೆ ಅಡ್ಡ ನಿಂತು, ಆಮೇಲೆ ಬೆರಳು ಹಿಡಿದು ಪಡೆದದ್ದಕ್ಕೆ ಒಪ್ಪಿಗೆ ಎಂಬ ಹೆಸರು ಯಾವ ನಿಘಂಟಿನಲ್ಲಿದೆ? ಏನೇನು ಸುಧಾರಿಸುತ್ತದೆ ಎಂದು ಬಣ್ಣದ ಚಿತ್ರ ಹಾಕಿ ತೋರಿಸಿದಿರಿ. ಏನೇನು ನಿಂತುಹೋಗುತ್ತದೆ ಎಂದು ನಮಗೆ ತಿಳಿಯುವ ಭಾಷೆಯಲ್ಲಿ ಒಂದು ಸಾಲು ಬರೆಯಲು ತಮ್ಮಲ್ಲಿ ಜಾಗವಿರಲಿಲ್ಲವೇ? ಅಂದಹಾಗೆ ಎಮೋಜಿಗಳು ಹೆಚ್ಚಾಗಿವೆ. ಅಭಿನಂದನೆಗಳು.

ಸುದ್ದಿ ಹೇಳಲು ಸಿಂಗಾಪುರಕ್ಕೆ ಹೋದೆ. ಮಾರಮ್ಮ ಪಿಸುಗುಟ್ಟಿದರು: “ನನ್ ಗಂಟ್ಲು ಓಯ್ತು. ಈಗ ಪೆಟ್ಗೆ ಗಂಟ್ಲೂ ಓಯ್ತಾ?”

ಸಂಯುಕ್ತಾ ಹಾಡು ಕಲಿಯುತ್ತಿದ್ದುದು ನಮ್ಮ ಕೋಣೆಗೆ ಬಂದು, ಅದೇ ರೆಕಾರ್ಡಿಂಗ್‌ನಿಂದ. ಈಗ ಮೋಟಾರು ಸಮೇತದ ಪ್ರತಿಯನ್ನು ಕಿವಿಗೆ ಹಾಕಿಕೊಂಡು, ಮುಖ ಹಿಂಡಿ, “ಈ ಸಾಲಿನ್ ಕೊನೆ ಹೆಂಗ್ ತಿರುಗುತ್ತಜ್ಜಿ? ಬರೀ ಗುಂಯ್ ಅಂತಿದೆ” ಎನ್ನುತ್ತಾಳೆ. ಅಜ್ಜಿ ಪದ ಹೇಳಿಕೊಡುತ್ತಾರೆ. ಕೈಯನ್ನು ಮೇಲೆತ್ತಿ, ಗಾಳಿಯಲ್ಲಿ ಬಳಸಿ, ಕೆಳಗಿಳಿಸಿ ತೋರಿಸುತ್ತಾರೆ. ಹುಡುಗಿ ಹಾಡುತ್ತಾಳೆ. ಅಜ್ಜಿ ತಲೆಯಾಡಿಸುತ್ತಾರೆ, ಹಾಗಲ್ಲ. ಮತ್ತೆ ಕೈ ಮೇಲೇಳುತ್ತದೆ. ಪದವನ್ನು ಪಿಸುಗುಟ್ಟಬಹುದು, ಮಾನ್ಯರೇ. ಧಾಟಿಯನ್ನು ಪಿಸುಗುಟ್ಟಲಾಗುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇದು. ಏನನ್ನೂ ಅಳಿಸದೆ ನಾವು ಬಂದ ದಾರಿಯಲ್ಲೇ ಹಿಂದಿರುಗಲು ಬಿಡಿ. ಶಾಶ್ವತವಾಗಿ ಬೇಡ, ಒಂಬತ್ತು ಹಾಡು ಹೊರತೆಗೆಯಲು ಒಂದು ದಿನ ಸಾಕು. ಮುಂದೆ ಯಾರ ಮನೆಗೆ ಹೋದರೂ, ನಿಂತುಹೋಗುವುದರ ಹೆಸರನ್ನು ಮೊದಲು ಹೇಳಿ, ‘ಬೇಡ’ ಎಂಬ ಮೂರನೇ ಗುಂಡಿಯೊಂದಿಗೆ ಹೋಗಿ. ಒಂದು ಗುಂಡಿ ಕೂರಿಸಲು ಹೊಸ ಸಿಸ್ಟಂನಲ್ಲಿ ಜಾಗವಿಲ್ಲವೆಂದರೆ ಒಂದೆರಡು ಎಮೋಜಿ ತೆಗೆಯಿರಿ.

ಪತ್ರ ತಡವಾದದ್ದಕ್ಕೆ ಕ್ಷಮೆ ಇರಲಿ. ಮೂರು ಸಭೆಗಳಲ್ಲಿ ಓದಿ, ಹತ್ತು ಜನ ‘ಆಯ್ತು’ ಎಂದು, ಹನ್ನೊಂದನೆಯವರಾಗಿ ಮಾರಮ್ಮ ಕೈ ಎತ್ತಿದ ಮೇಲೆ ಕಳಿಸುತ್ತಿದ್ದೇವೆ. ಒಪ್ಪಿಗೆ ಪಡೆಯುವುದು ಹೀಗೆ.

ಇಂತಿ,
ಹತ್ತು ಜನರನ್ನು ಕೇಳದೆ, ಓದದೆ ಒಪ್ಪಿಬಿಟ್ಟ
ದಾಸಪ್ಪ
ಆರ್.ಟಿ. ನಗರ, ನವೆಂಬರ್ 2019